ವರ್ಕ್‌ಶಾಪಿನ ಯಜಮಾನರಿಗೆ ಬಹಿರಂಗ ವಿಜ್ಞಾಪನೆ

ಮಹಾರಾಜಶ್ರೀ ಟ್ರ್ಯಾಕ್ಟರ್ ವರ್ಕ್‌ಶಾಪಿನ ಯಜಮಾನರ ಸನ್ನಿಧಾನಕ್ಕೆ,

ಮುಂಗಾರಿನ ಹದ ಕೈತಪ್ಪುತ್ತಿರುವ ಈ ಕಾಲದಲ್ಲಿ, ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೂ ತಮ್ಮ ಅಂಗಳದಲ್ಲಿ ಕುಳಿತಿದ್ದು, ಡೀಸೆಲ್ ಫಿಲ್ಟರಿನ ಸೋರಿಕೆಗೆ ತಮ್ಮ ಶಾಸ್ತ್ರವು ವಿಧಿಸಿರುವ ಏಕೈಕ ಚಿಕಿತ್ಸೆ ‘ಇನ್ನೊಂದು ಸುತ್ತು ಬಿಗಿ ಮಾಡೋ’ ಎಂಬ ಮಹಾಮಂತ್ರವೆಂದು ತಿಳಿದು ಕೃತಾರ್ಥನಾದೆನು. ಒಂದು ಸುತ್ತಿಗೆ ಬಟ್ಟಲಿನ ರಬ್ಬರ್ ರಿಂಗು ಚಪ್ಪಟೆಯಾಯಿತು. ಇನ್ನೊಂದು ಸುತ್ತಿಗೆ ಹರಿಯಿತು. ಒಂದಿದ್ದ ಸೋರಿಕೆ ಎರಡಾಯಿತು. ತರುವಾಯ ಹೊಸ ಫಿಲ್ಟರು ಬಂದಿತು, ನಿರಪರಾಧಿಯಾದ ಫೀಡ್ ಪಂಪು ಬಿಚ್ಚಲ್ಪಟ್ಟಿತು, ಬಿಲ್ಲು ಬೆಳೆಯಿತು. ಮನೆಯ ದಾರಿಯುದ್ದಕ್ಕೂ ಡೀಸೆಲ್ ಹನಿಹನಿಯಾಗಿ ನನ್ನನ್ನು ಬೀಳ್ಕೊಟ್ಟಿತು.

ಸೋರುವ ಎಣ್ಣೆ ಹುಟ್ಟಿದ ಸ್ಥಳದಲ್ಲಿಯೇ ತೊಟ್ಟಿಕ್ಕುವುದಿಲ್ಲವೆಂಬುದು ತಮ್ಮಂಥ ಪ್ರಾಜ್ಞರಿಗೆ ವಿದಿತವೇ ಇರಬೇಕು. ಮೇಲೆ ಒಸರಿದ್ದು ಬಟ್ಟಲಿನ ಮೈಮೇಲೆ ಜಾರಿ, ಅಡಿಯ ತಿರುಪಿನ ತುದಿಯಲ್ಲಿ ಹನಿಗಟ್ಟುತ್ತದೆ. ಅಲ್ಲಿಯೂ ತಮ್ಮ ಹುಡುಗನು ಇನ್ನೊಂದು ಸುತ್ತು ಬಿಗಿ ಮಾಡಿದನು!

ಅದೆಲ್ಲ ಹೋಗಲಿ. ಒರೆಸಲಿಕ್ಕೇನು ದಾಡಿ, ಸ್ವಾಮಿ? ಇಂಜೆಕ್ಷನ್ ಪಂಪಿನ ಪ್ಲಂಜರಿಗೂ ಬ್ಯಾರಲಿಗೂ ನಡುವಣ ಸಂದು ಕೆಲವೇ ಮೈಕ್ರಾನು, ಕೂದಲೆಳೆಯ ದಪ್ಪದ ಹತ್ತರಲ್ಲೊಂದು ಪಾಲೂ ಇಲ್ಲ. ಅದರೊಳಕ್ಕೆ ಧೂಳು ಹೋಗದಿರಲೆಂದಲ್ಲವೆ ಫಿಲ್ಟರು ಇರುವುದು? ಆ ಫಿಲ್ಟರನ್ನು ಹೊಲದ ಮಣ್ಣು ಮೆತ್ತಿದ ಹಾಗೆಯೇ ಬಿಚ್ಚಿದಿರಿ. ಅಷ್ಟು ದೊಡ್ಡ ವರ್ಕ್‌ಶಾಪಿನಲ್ಲಿ ಒಂದು ಹರಕು ಬಟ್ಟೆಗೆ ಬರವೆ? ದಿನವೆಲ್ಲ ಕುಳಿತು ನೋಡಿದೆ, ಒಬ್ಬನೂ ಒರೆಸಲಿಲ್ಲ!

ಮನೆಯಲ್ಲಿ ನಮ್ಮ ಆಳುಮಗನು ಒರೆಸಿದನು. ಒಣಗಿದ ಮೇಲೆ ಮೊಮ್ಮಗಳ ಬಳಪವನ್ನು ಅರೆದು ಸಂದುಗಳಿಗೆಲ್ಲ ಪುಡಿ ಬಳಿದು, ಹ್ಯಾಂಡ್ ಪಂಪನ್ನು ಮೆಲ್ಲನೆ ಒತ್ತಿದನು. ಬ್ಯಾಂಜೋ ಬೋಲ್ಟಿನ ಬುಡದಲ್ಲಿ ಬಿಳಿಯ ಪುಡಿ ಸಣ್ಣಗೆ ನೆನೆದು ಕಪ್ಪಾಯಿತು. ತಾವು ಬಿಚ್ಚಿ, ಕಾಯಿಸಿ ಮೆದು ಮಾಡದೆ, ಹಾಗೆಯೇ ಮರಳಿ ಕೂರಿಸಿದ್ದ ತಾಮ್ರದ ವಾಷರು! ಹೊಸ ವಾಷರೆರಡನ್ನು ಹಾಕಿ, ಏರ್ ತೆಗೆದು, ಇಂಜಿನ್ ಹಚ್ಚಿದೆವು. ಈಗ ಒಂದು ಹನಿಯೂ ಇಲ್ಲ.

ಬಾಕಿ ಹಣವನ್ನು ಪತ್ರವಾಹಕನ ಕೈಯಲ್ಲಿ ಕಳುಹಿಸಿದ್ದೇನೆ. ಅದರೊಡನೆ ನನ್ನದೊಂದು ಹಳೆಯ ಪಂಚೆಯೂ ಇದೆ. ಮುಂದೆ ಬರುವ ಗಿರಾಕಿಯ ಇಂಜಿನನ್ನು ಬಿಚ್ಚುವ ಮುನ್ನ ಇದರಿಂದ ಒರೆಸತಕ್ಕದ್ದು. ಪಂಚೆಯ ಬೆಲೆಯನ್ನು ಬಾಕಿಯಲ್ಲಿ ಮುರಿದುಕೊಂಡಿದ್ದೇನೆ.

ಇತಿ,
ತಮ್ಮ ಗಿರಾಕಿ