ಇಷ್ಟು ಮಾಡಿಸಿದ ಮೇಲೆ ಮಾರುವುದೆ?

ಹಳೇ ಕಾರು ಇಟ್ಟುಕೊಂಡವನ ಹತ್ತಿರ ಯಾರೂ ಸಾಲ ಕೇಳುವುದಿಲ್ಲ. ಮೊದಲನೆಯ ಲಾಭ ಅದು. ಎರಡನೆಯದು, ನೆಂಟರನ್ನು ರೈಲ್ವೆ ಸ್ಟೇಷನ್ನಿಂದ ಕರೆತರುವ ಕೆಲಸ ತಪ್ಪುತ್ತದೆ. ಆಟೋದಲ್ಲೇ ಬರ್ತೀವಿ ಅಂತ ಅವರೇ ಗಾಬರಿಯಿಂದ ಹೇಳಿಬಿಡುತ್ತಾರೆ.

ನನ್ನದು 1982ರ ಪ್ರೀಮಿಯರ್ ಪದ್ಮಿನಿ, ಜನರ ಬಾಯಲ್ಲಿ ಫಿಯಟ್. ಬೊಂಬಾಯಿಯ ಕುರ್ಲಾದಲ್ಲಿ ಹುಟ್ಟಿ, ಮೈಸೂರಿನ ಡಾಕ್ಟರೊಬ್ಬರ ಮನೆಯಲ್ಲಿ ಬೆಳೆದು, ಮುಪ್ಪಿನಲ್ಲಿ ನನ್ನ ಪಾಲಿಗೆ ಬಿತ್ತು. ಅಂಬಾಸಿಡರ್ ಸರ್ಕಾರದವರಿಗೆ, ಫಿಯಟ್ ಡಾಕ್ಟರು ವಕೀಲರಿಗೆ ಅಂತ ಆ ಕಾಲದಲ್ಲಿ ಒಂದು ಜಾತಿಪದ್ಧತಿಯೇ ಇತ್ತು. ನಾನು ಯಾವ ಜಾತಿಗೂ ಸೇರಿದವನಲ್ಲ. ಅಗ್ಗಕ್ಕೆ ಸಿಕ್ಕಿತು, ತಂದೆ. ಕಾರು ಅಗ್ಗವೇ, ಸುಳ್ಳು ಹೇಳಬಾರದು.

ಹಳೇ ಕಾರು ಒಂದೇ ಸಲಕ್ಕೆ ದೊಡ್ಡ ಗಂಟು ಕೇಳುವುದಿಲ್ಲ. ಕೇಳಿದ್ದರೆ ಅವತ್ತೇ ಗುಜರಿಗೆ ಹಾಕಿ ಕೈತೊಳೆದುಕೊಳ್ಳುತ್ತಿದ್ದೆ. ಇವತ್ತು ಎಂಟುನೂರು, ಬರುವ ವಾರ ಸಾವಿರದಿನ್ನೂರು, ಹೀಗೆ ಕೇಳುತ್ತದೆ. ನಾಲ್ಕೂ ಟೈರು ಹಾಕಿಸಿದೆ. ಹೊಸ ಟೈರಿನ ಗಾಡಿಯನ್ನು ಯಾರಾದರೂ ಮಾರುತ್ತಾರೆಯೇ? ರೇಡಿಯೇಟರ್ ಸೋರಿತು, ಬೆಸುಗೆ ಹಾಕಿಸಿದೆ. ರೇಡಿಯೇಟರೂ ಸರಿಯಾಯಿತು, ಟೈರೂ ಹೊಸದು, ಈಗ ಮಾರಿದರೆ ಹುಚ್ಚ ಅನ್ನುವುದಿಲ್ಲವೆ? ಆಮೇಲೆ ಕ್ಲಚ್ ಪ್ಲೇಟು. ನನ್ನ ಹೆಂಡತಿ ಹಾಲಿನ ಲೆಕ್ಕದ ಪುಸ್ತಕವನ್ನು ತಿರುವಿ ಹಾಕಿ, ಕೊನೆಯ ಹಾಳೆಯಿಂದ ಕಾರಿನ ಲೆಕ್ಕ ಬರೆಯುತ್ತಾಳೆ. ಎರಡು ಲೆಕ್ಕವೂ ನಡುವಿನಲ್ಲಿ ಸಂಧಿಸುವ ದಿನ ದೂರವಿಲ್ಲ. "ರೀ, ಹಸುವಾಗಿದ್ರೆ ಹಾಲಾದ್ರೂ ಕೊಡ್ತಿತ್ತು" ಅನ್ನುತ್ತಾಳೆ.

ಸರ್ಕಾರವೂ ತನ್ನ ಪಾಲಿನದನ್ನು ಮಾಡಿದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 50 ತುಂಬಿದರೆ ವಿಂಟೇಜ್ ಅನ್ನುವ ಮರ್ಯಾದೆ ಉಂಟು. ನಮ್ಮದಕ್ಕೆ ಅದು 2032ಕ್ಕೆ. ಅಲ್ಲಿಯವರೆಗೆ ಬರೀ ಹಳೇದು. ಇನ್ನು ಪೆಟ್ರೋಲು. ಈಗ ಬಂಕಿನಲ್ಲಿ ಹಾಕುವುದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಹಳೇ ರಬ್ಬರ್ ಪೈಪುಗಳಿಗೆ ಅದು ಆಗಿಬರುವುದಿಲ್ಲ, ಉಬ್ಬಿ ಬಿರುಕು ಬಿಡುತ್ತವೆ. ಇಷ್ಟು ವರ್ಷ ಮಡಿಯಾಗಿದ್ದದ್ದು ಕೊನೆಗಾಲಕ್ಕೆ ಕುಡಿತ ಕಲಿಯಿತು. ಪೈಪು ಬದಲಾಯಿಸಿದ್ದೂ ನಾನೇ.

ಹಾಗಾದರೆ ಸುಖ ಎಲ್ಲಿ? ನಮ್ಮ ಮೇಸ್ತ್ರಿಯ ಶೆಡ್ಡಿನಲ್ಲಿ. ಹೊಸ ಕಾರಿನವರು ಗಾಜಿನ ಕೋಣೆಯಲ್ಲಿ ಕೂತು ಕಾಫಿ ಕುಡಿಯುತ್ತಾರೆ. ಒಳಗೆ ಯಾರೋ ಕಂಪ್ಯೂಟರ್ ಚುಚ್ಚಿ ಏನೋ ನೋಡಿ ಒಂದು ಡಬ್ಬಿಯನ್ನೇ ಬದಲಾಯಿಸಿ ಬಿಲ್ಲು ಕೊಡುತ್ತಾರೆ. ಕೆಟ್ಟದ್ದೇನು ಎಂದು ಕಾರಿನ ಯಜಮಾನನಿಗೆ ಸಾಯುವತನಕ ಗೊತ್ತಾಗುವುದಿಲ್ಲ. ನಮ್ಮ ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಾರೆ. ಶೆಡ್ಡಿನ ಹುಡುಗ ರೇಡಿಯೋ ಆರಿಸುತ್ತಾನೆ. ನಾನೂ ಉಸಿರು ಬಿಗಿಹಿಡಿಯುತ್ತೇನೆ. ಆಮೇಲೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಕಪ್ಪಿಟ್ಟ ಪಾಯಿಂಟುಗಳ ನಡುವೆ ಉಪ್ಪುಕಾಗದದ ಚೂರು ಆಡಿಸಿ, ಆಕ್ಸಾ ಬ್ಲೇಡಿನ ತುಂಡು ತೂರಿಸಿ ಸಂದು ನೋಡಿ, "ಹೊಡೀರಿ ಸಾರ್ ಸೆಲ್ಫು" ಅನ್ನುತ್ತಾರೆ. ಚೋಕ್ ಎಳೆದು ಕೀ ತಿರುಗಿಸಿದರೆ ಗಾಡಿ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಹತ್ತಿಕೊಳ್ಳುತ್ತದೆ.

"ಎಷ್ಟಾಯ್ತು?"

"ಏನಿಲ್ಲ ಸಾರ್, ಟೀ ಕುಡ್ಸಿ." ಟೀ ಅರ್ಧ ಆಗುವ ಹೊತ್ತಿಗೆ, "ಅಂದಂಗೆ ವಾಟರ್ ಪಂಪು ಸದ್ದು ಮಾಡ್ತದೆ, ನೋಡಿ."

ವಾಟರ್ ಪಂಪಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬೇಕು. ಹಳೆಯದನ್ನು ಪೇಪರಿನಲ್ಲಿ ಸುತ್ತಿಕೊಂಡು ಅಂಗಡಿಯಿಂದ ಅಂಗಡಿಗೆ ಅಲೆಯಬೇಕು. ಮಾಲಿನ ಬೆಲೆಗಿಂತ ಬಸ್ಸಿನ ಖರ್ಚು, ದೋಸೆಯ ಖರ್ಚು ಹೆಚ್ಚು. ದೋಸೆಯನ್ನು ಮಾತ್ರ ನಾನು ಪುಸ್ತಕಕ್ಕೆ ಸೇರಿಸುವುದಿಲ್ಲ.

ಚಾಮುಂಡಿ ಬೆಟ್ಟಕ್ಕೆ ಬೇಸಿಗೆಯಲ್ಲಿ ಹೊರಟರೆ ಅರ್ಧ ದಾರಿಗೆ ನಿಲ್ಲುತ್ತದೆ. ಎಂಜಿನ್ನಿನ ಕಾವಿಗೆ ಪಂಪಿನೊಳಗಿನ ಪೆಟ್ರೋಲು ಆವಿಯಾಗಿ ಮುಂದಕ್ಕೆ ಹೋಗುವುದಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದೇ ಮದ್ದು. ಬಟ್ಟೆ ಒಣಗುವುದರೊಳಗೆ ನಾಲ್ಕು ಜನ ಸೇರುತ್ತಾರೆ. "ನಮ್ಮ ಮಾವನ ಹತ್ರ ಇತ್ತು ಸಾರ್, ಇದೇ ಬಣ್ಣ" ಎಂದು ಒಬ್ಬ ಸ್ಟೇರಿಂಗಿನ ಪಕ್ಕದ ಗೇರನ್ನು ಮುಟ್ಟಿ ನೋಡುತ್ತಾನೆ. ಮುಂದಿನ ಉದ್ದ ಸೀಟಿನಲ್ಲಿ ತಾನು ಅಜ್ಜಿಯ ತೊಡೆಯ ಮೇಲೆ ಕೂತು ಹೋದದ್ದನ್ನು ಇನ್ನೊಬ್ಬ ಹೇಳುತ್ತಾನೆ. ತಳ್ಳುವಾಗ ಇಬ್ಬರೂ ಜೋರು. ಲಕ್ಷಗಟ್ಟಲೆ ಕೊಟ್ಟು ತಂದ ಗಾಡಿ ಕೆಟ್ಟು ನಿಂತರೆ ಜನ ಹಾರ್ನ್ ಹೊಡೆಯುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದಾಗ ನೆಂಟರು ನನಗೆ ಫೋನ್ ಮಾಡಿ ಸಂತಾಪ ಸೂಚಿಸಿದರು.

ಹೋದ ವರ್ಷ ಟಿಂಕರಿಂಗ್ ಮಾಡಿಸಿ, ಪಟ್ಟಿ ಹಾಕಿಸಿ, ಪೇಂಟ್ ಹೊಡೆಸಿದೆ. ಆ ಖರ್ಚಿಗೆ ಪುಸ್ತಕದಲ್ಲಿ ಇಡೀ ಒಂದು ಪುಟ. ಬಣ್ಣ ಒಣಗಿದ ವಾರಕ್ಕೆ ಸಿನಿಮಾದವರು ಬಂದರು. ಎಂಬತ್ತರ ದಶಕದ ಕಥೆಯಂತೆ, ಎರಡು ದಿನಕ್ಕೆ ಕಾರು ಬಾಡಿಗೆಗೆ ಬೇಕಂತೆ. ನನ್ನ ಹೆಂಡತಿಯೇ ಖುದ್ದಾಗಿ ಕಾಫಿ ತಂದುಕೊಟ್ಟಳು. ಮ್ಯಾನೇಜರು ಕಾರನ್ನು ಒಂದು ಸುತ್ತು ಹಾಕಿ, "ಸಾರ್, ತುಂಬಾ ಹೊಸದಾಗಿ ಕಾಣ್ತಿದೆಯಲ್ಲ" ಅಂದ. ಶೂಟಿಂಗ್ ದಿನ ಅವನ ಹುಡುಗರು ಬಕೆಟ್ಟಿನಲ್ಲಿ ಕೆಂಪು ಮಣ್ಣು ಕಲಸಿ ಮೂತಿಯಿಂದ ಡಿಕ್ಕಿಯವರೆಗೆ ಬಳಿದರು.

ಬಾಡಿಗೆ ಮಾತ್ರ ನಗದು ಕೊಟ್ಟರು. ಆ ಪುಸ್ತಕದಲ್ಲಿ ಮೊದಲ ಸಲ ಜಮಾ ಕಾಲಂ ಗೀಚಿದ್ದಾಯಿತು. ಮಣ್ಣು ತೊಳೆಸಲು ಶೆಡ್ಡಿಗೆ ಹೋದೆ.

"ಎಷ್ಟು ಕೊಟ್ರು ಸಾರ್?" ಅಂದರು ಮೇಸ್ತ್ರಿ. ಹೇಳಿದೆ. ಅವರು ಕುಕ್ಕರಗಾಲಲ್ಲಿ ಕೂತು ಮುಂದಿನ ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು.

"ಸರಿಹೋಯ್ತು ಬಿಡಿ. ಕಿಂಗ್‌ಪಿನ್‌ಗೂ ಅಷ್ಟೇ ಆಗ್ತದೆ."