ಅಡಿಕೆ ಗುಟ್ಟು, ಆಧಾರ್ ರಟ್ಟು

ಈ ಸಲ ಅಡಿಕೆ ಎಷ್ಟು ಕ್ವಿಂಟಾಲ್ ಆಯಿತು ಎಂದು ಅಡ್ಮಿನ್ ಮಾವನನ್ನು ಕೇಳಿ ನೋಡಬೇಕು. "ಎಂತ ಕ್ವಿಂಟಾಲ್ ಮಾರಾಯ, ಕೊಳೆ ಬಂದು ಅರ್ಧ ಉದುರಿತು, ಉಳಿದಿದ್ದಕ್ಕೆ ಎಲೆಚುಕ್ಕಿ" ಎನ್ನುತ್ತಾರೆ. ಸರಕೆಷ್ಟು, ಬೆಟ್ಟೆಯೆಷ್ಟು, ರಾಶಿಯೆಷ್ಟು ಎಂಬ ದರ್ಜೆವಾರು ಲೆಕ್ಕ ಪಕ್ಕದ ಮನೆಯ ಸ್ವಂತ ತಮ್ಮನಿಗೂ ಗೊತ್ತಿಲ್ಲ. ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್‌ಕೋಸ್‌ಗೆ ಮೂಟೆ ಹೊರಡುವುದೂ ನಸುಕಿನಲ್ಲೇ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಇಂಥ ಮಾವಂದಿರು ಊರಿಗೊಬ್ಬರಾದರೂ ಸಿಗುತ್ತಾರೆ. ಅಡ್ಮಿನ್ ಎಂಬ ಬಿರುದು ವಾಟ್ಸಾಪ್ ಕೊಟ್ಟದ್ದು.

ಗ್ರೂಪಿಗೆ ಇಳಿದರೆ ಮಾವ ಬೇರೆಯೇ ಮನುಷ್ಯ. ಬೆಳೆ ವಿಮೆಗೆ ದಾಖಲೆ ಕೊಡಿ ಎಂದು ಸೊಸೈಟಿಯಿಂದ ಫೋನ್ ಬಂದದ್ದೇ ತಡ, ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ, ಆಧಾರಿನ ಎರಡೂ ಬದಿ, ಎಲ್ಲ ಊರ ಗ್ರೂಪಿಗೆ. ಸೊಸೈಟಿ ಗುಮಾಸ್ತನೂ ಅದರಲ್ಲಿದ್ದಾನಲ್ಲ, ನೋಡಿಕೊಳ್ಳುತ್ತಾನೆ. ಉಳಿದ ಆರುನೂರು ಜನರೂ ನೋಡಿಕೊಳ್ಳುತ್ತಾರೆ. ನೆಟ್‌ವರ್ಕ್ ಇಲ್ಲದಿದ್ದರೆ ಓಟಿಲ್ಲ ಎಂದು ಹಳ್ಳಿಗಳೇ ಬ್ಯಾನರ್ ಕಟ್ಟಿದ ಸೀಮೆಯಿದು. ಇದನ್ನೆಲ್ಲ ಕಳಿಸಲು ಮಾವ ಮನೆ ಹಿಂದಿನ ಗುಡ್ಡ ಹತ್ತಬೇಕು. ಅಷ್ಟು ಕಷ್ಟಪಟ್ಟು ಯಾರೂ ಗುಟ್ಟು ಬಿಟ್ಟುಕೊಟ್ಟಿರಲಾರರು.

ಮನೆಮಂದಿಯೆಲ್ಲ ಸಿಗಂದೂರಿಗೆ ಹೊರಟರೆ ಹೊಸ ಸೇತುವೆಯ ಮೇಲಿಂದಲೇ ಫೋಟೊ: "ಇವತ್ತು ಎಲ್ಲರೂ ಇಲ್ಲೇ." ಅಂಗಳದಲ್ಲಿ ಅಡಿಕೆ ಒಣಗುತ್ತಿದೆ ಎಂಬುದನ್ನು ಬೇರೆ ಹೇಳಬೇಕಿಲ್ಲ, ನಿನ್ನೆಯ ಸ್ಟೇಟಸ್ಸಿನಲ್ಲಿದೆ.

ಆದರೆ ಮಾವನ ಮಹಾಕೃತಿ ಎಂದರೆ ಗ್ರೂಪಿಗೆ ಹಾಕಿದ ಮಗನ ಜಾತಕ. ತೋಟ ನೋಡಿಕೊಂಡಿರುವ ಹುಡುಗನಿಗೆ ಹೆಣ್ಣು ಸಿಗುವುದು ಈ ಕಡೆ ಎಷ್ಟು ಕಷ್ಟವೆಂದು ಎಲ್ಲರಿಗೂ ಗೊತ್ತು. ಹಾಗಾಗಿ ಮಾವ ಏನನ್ನೂ ಬಿಟ್ಟಿಲ್ಲ. ಹುಟ್ಟಿದ ದಿನ, ಗಳಿಗೆ, ಗೋತ್ರ, ತಾಯಿಯ ಹೆಸರು, ತಾಯಿಯ ತವರು, ಮೊಬೈಲ್ ಸಂಖ್ಯೆ, ತೋಟ ಎಷ್ಟೆಕರೆ. ಬ್ಯಾಂಕಿನವರು ಗುರುತು ಖಾತ್ರಿಗೆ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಒಂದೇ ಹಾಳೆಯಲ್ಲಿ, ಮೇಲೆ ಗಣಪತಿ ಚಿತ್ರ ಸಮೇತ. ಇ-ಆಧಾರ್ ಪಿಡಿಎಫ್ ತೆರೆಯುವ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ಇಸವಿ. ಮಗನ ಎಟಿಎಂ ಪಿನ್ ಕೂಡ ಆ ಇಸವಿಯೇ.

ಹೆಣ್ಣಿನ ಕಡೆಯವರು ಯಾರೂ ಫೋನ್ ಮಾಡಲಿಲ್ಲ. ಮಾಡಿದವನು ಒಬ್ಬನೇ. ಹೆಸರು, ಗೋತ್ರ, ಅತ್ತೆಯ ತವರು ಎಲ್ಲ ಕರಾರುವಾಕ್ಕಾಗಿ ಹೇಳಿದ. "ಇಷ್ಟೆಲ್ಲ ಗೊತ್ತಿದೆ ಅಂದ್ಮೇಲೆ ನಮ್ಮವನೇ" ಎಂದು ಮಾವ ತೀರ್ಮಾನಿಸಿದರು. ಮದುವೆ ಕರೆಯೋಲೆ ಕಳಿಸಿದ್ದೇನೆ ನೋಡಿ ಎಂದ. ಬಂದದ್ದು ಆ್ಯಪ್ ಇನ್‌ಸ್ಟಾಲ್ ಮಾಡುವ ಎಪಿಕೆ ಫೈಲು. 2024ರಲ್ಲಿ ಇಂಥ ಕರೆಯೋಲೆಗಳ ಬಗ್ಗೆ ಪೊಲೀಸರೇ ಎಚ್ಚರಿಸಿದ್ದರು: ಇನ್‌ಸ್ಟಾಲ್ ಮಾಡಿದರೆ ಮೊಬೈಲಿಗೆ ಬರುವ ಒಟಿಪಿ ಅತ್ತ ಕಡೆಯವನಿಗೂ ಕಾಣಬಹುದು. ಮಾವನನ್ನು ಕಾಪಾಡಿದ್ದು ಮಲೆನಾಡಿನ ಮಳೆ. ಆ ಸಂಜೆ ಕರೆಂಟು ಹೋಯಿತು, ಟವರಿನ ಜನರೇಟರಿಗೆ ಡೀಸೆಲ್ ಇರಲಿಲ್ಲ, ಫೈಲು ಇಳಿಯಲಿಲ್ಲ.

ಬೆಂಗಳೂರಿನಲ್ಲಿರುವ ತಂಗಿಯ ಮಗಳು ಇದನ್ನು ಕೇಳಿ ಹೌಹಾರಿದಳು. 2018ರ ಜುಲೈನಲ್ಲಿ ಟ್ರಾಯ್ ಅಧ್ಯಕ್ಷ ಆರ್.ಎಸ್. ಶರ್ಮಾ ತಮ್ಮ ಆಧಾರ್ ಸಂಖ್ಯೆಯನ್ನು ಟ್ವಿಟರಿನಲ್ಲಿ ಹಾಕಿ, ಏನು ಹಾನಿ ಮಾಡುತ್ತೀರೋ ಮಾಡಿ ಎಂದು ಸವಾಲೆಸೆದದ್ದು, ಜನ ಅವರ ಮೊಬೈಲ್ ಸಂಖ್ಯೆ, ವಿಳಾಸ, ಹುಟ್ಟಿದ ದಿನಾಂಕ ಹುಡುಕಿ ಹಾಕಿದ್ದು, ಕೊನೆಗೆ ಆಧಾರ್ ಪ್ರಾಧಿಕಾರವೇ ಇಂಥ ಸಾಹಸ ಬೇಡ ಎಂದದ್ದು, ಎಲ್ಲ ಹೇಳಿದಳು.

"ಅವರ ಖಾತೆಗೆ ಯಾರೋ ಒಂದು ರೂಪಾಯಿ ಹಾಕಿದ್ರಂತಲ್ಲೇ. ಬಂತು ತಾನೆ, ಹೋಗಲಿಲ್ಲವಲ್ಲ" ಎಂದರು ಮಾವ. ಆಧಾರ್ ಪ್ರತಿ ಕಂಡಕಂಡಲ್ಲಿ ಕೊಡಬೇಡಿ ಎಂದು 2022ರ ಮೇನಲ್ಲಿ ಪ್ರಾಧಿಕಾರದ ಬೆಂಗಳೂರು ಕಚೇರಿ ಹೇಳಿ, ಎರಡೇ ದಿನದಲ್ಲಿ ಆ ಸೂಚನೆ ವಾಪಸಾದದ್ದೂ ಅವರಿಗೆ ಗೊತ್ತು. ಮಾವ ಪೇಪರ್ ಓದುತ್ತಾರೆ.

ಅವಳು ಮಂಗಳೂರಿನ ಕತೆ ತೆಗೆದಳು. 2023ರಲ್ಲಿ ಅಲ್ಲಿ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಯಿಂದ, ಒಟಿಪಿಯ ಹಂಗಿಲ್ಲದೆ, ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನ ಬಲದಿಂದಲೇ ಹಣ ಹೋಗಿತ್ತು. ನೋಂದಣಿ ಎಂದದ್ದೇ ಮಾವನ ಮುಖ ಸಪ್ಪಗಾಯಿತು. ಹೋದ ತಿಂಗಳು ಹಿಸ್ಸೆ ಪತ್ರವನ್ನು ಹೆಬ್ಬೆಟ್ಟಿನ ಸಮೇತ ಗ್ರೂಪಿಗೆ ಹಾಕಿದ್ದರು.

ಅಂದೇ ಕೂತು ಆಧಾರಿನ ಬಯೋಮೆಟ್ರಿಕ್ ಲಾಕ್ ಮಾಡಿಸಿಕೊಂಡರು. ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದರು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರನ್ನು ಮನೆಯ ಐವರದ್ದೂ ಇಳಿಸಿಕೊಂಡರು. ಮರುದಿನ ಬೆಳಿಗ್ಗೆ ಗುಡ್ಡ ಹತ್ತಿ ಗ್ರೂಪಿಗೆ ಹಾಕಿದರು: "ಎಲ್ಲರೂ ಹೀಗೇ ಮಾಡಿಕೊಳ್ಳಿ. ಮಾದರಿಗೆ ನಮ್ಮನೆಯದ್ದು ಐದೂ ಹಾಕಿದ್ದೇನೆ. ಮೊದಲು ಹೀಗಿತ್ತು ಅಂತ ಹೋಲಿಸಿ ನೋಡಲು ಹಳೆಯದೂ ಇದೆ."