ಸೊನ್ನೆಯ ಹೋರಿ

ನಾನು ಈಚೆಗೆ ಟೈಪ್ಡ್ ಲೈಬ್ರರಿಯೊಂದನ್ನು ಬಳಸುತ್ತಿದ್ದೇನೆಂದು ಹೊನ್ನಾಳಿಯ ನನ್ನ ಸೋದರಮಾವನವರಿಗೆ ಅರಿಕೆ ಮಾಡಿದಾಗ ಅವರ ಮುಖದ ಮೇಲೆ ಮೂಡಿದ ಪ್ರಸನ್ನತೆಯನ್ನು ನಾನು ಅವರ ಮಗಳ ಮದುವೆಯ ದಿನವೂ ಕಂಡವನಲ್ಲ. ಮೂವತ್ತು ವರ್ಷ ಕಾಲ ತುಂಗಭದ್ರೆಯ ಗಾಳಿ ಬೀಸುವ ಓಣಿಯಲ್ಲಿ ಬೆರಳಚ್ಚು ಶಾಲೆಯೊಂದನ್ನು ನಡೆಸಿ, ಜೂನಿಯರ್ ಸೀನಿಯರ್ ಪರೀಕ್ಷೆಗಳಿಗೆ ಹುಡುಗ ಹುಡುಗಿಯರನ್ನು ಅಣಿಗೊಳಿಸಿ, ಕಂಪ್ಯೂಟರಿನ ಆಗಮನಾನಂತರ ತಮ್ಮ ಯಂತ್ರಗಳನ್ನೆಲ್ಲ ಒಂದೊಂದಾಗಿ ಗುಜರಿಗೆ ಬೀಳ್ಕೊಟ್ಟು, ಅನಂತ ಸುಬ್ಬರಾಯರ ಕೀಲಿಮಣೆಯ ಕನ್ನಡದ್ದೊಂದನ್ನೂ ‘1’ ಎಂಬ ಅಂಕಿಗೆ ಕೀಲಿಯೇ ಇಲ್ಲದ ಪುರಾತನ ಇಂಗ್ಲಿಷಿನದೊಂದನ್ನೂ ಮಾತ್ರ ದೇವರ ಕೋಣೆಯ ಪಕ್ಕದಲ್ಲಿ ಬಟ್ಟೆ ಹೊದಿಸಿ ಉಳಿಸಿಕೊಂಡಿರುವ ಆ ಹಿರಿಯರು, ಒಂದು ಇಡೀ ಗ್ರಂಥಾಲಯವನ್ನೇ ಯಾರೋ ಪುಣ್ಯಾತ್ಮರು ಟೈಪು ಮಾಡಿಸಿದ್ದಾರೆಂದು ಭಾವಿಸಿದುದರಲ್ಲಿ ಆಶ್ಚರ್ಯವೇನಿದೆ? “ಕಾರ್ಬನ್ ಹಾಕಿ ಎಷ್ಟು ಪ್ರತಿ ತೆಗೆದಿದ್ದಾರೆ?” ಎಂದರು. ಅವರ ಸಂತೋಷವನ್ನು ಕೆಡಿಸಲಾರದೆ, ವಿಚಾರಿಸಿ ಹೇಳುತ್ತೇನೆಂದೆ.

ಈ ಲೈಬ್ರರಿಯ ಸಹವಾಸಕ್ಕೆ ನನ್ನನ್ನು ನೂಕಿದವನು ನ್ಯಾಮತಿಯಲ್ಲಿರುವ ನನ್ನ ಅಕ್ಕನ ಮಗ. ದೀಪಾವಳಿ ಕಳೆದ ಮೇಲೆ ನಮ್ಮ ಸೀಮೆಯಲ್ಲಿ ಕೊರಳಿಗೆ ಕೊಬ್ಬರಿಯ ಸರ ಕಟ್ಟಿ ಹೋರಿಗಳನ್ನು ಬಿಡುವುದೂ, ಎದೆಗಾರಿಕೆಯುಳ್ಳವರು ಅದನ್ನು ಹರಿಯಲು ಹೋಗಿ ಎದೆಯೊಂದನ್ನುಳಿದು ಮಿಕ್ಕ ಅವಯವಗಳನ್ನೆಲ್ಲ ಜಖಂ ಮಾಡಿಕೊಳ್ಳುವುದೂ ಉಂಟಷ್ಟೆ. ಆ ಉತ್ಸವವನ್ನು ರಕ್ತಪಾತವಿಲ್ಲದೆ ಕಂಪ್ಯೂಟರಿನಲ್ಲಿ ಆಡುವಂತೆ ಅವನೊಂದು ಆಟ ರಚಿಸಿದ. ಬೆಂಗಳೂರಿನ ಸಾಫ್ಟ್‌ವೇರ್ ಚಾಕರಿಯಿಂದ ನಿವೃತ್ತನಾಗಿ ಚನ್ನಗಿರಿಗೆ ಮರಳಿ, ಬೇಯಿಸಿದ ಅಡಕೆಯ ಒಗರು ವಾಸನೆ ಸದಾ ಏರಿಬರುವ ಮಹಡಿಯ ಕೋಣೆಯಲ್ಲಿ ನಿಷ್ಕರ್ಮಿಯಾಗಿ ಕುಳಿತಿದ್ದ ನನ್ನನ್ನು ಅದರ ವ್ಯವಸ್ಥಾಪಕನನ್ನಾಗಿ ಮಾಡಿದ. ನಾಲ್ಕು ತಾಲ್ಲೂಕುಗಳ ಬಂಧುಮಿತ್ರರು ಸೇರಿ ಆಟಗಾರರು ಹನ್ನೆರಡು ಮಂದಿ. ಹನ್ನೆರಡೂ ಜನ ಸಜ್ಜನರು. ಮೊದಲ ವಾರದಲ್ಲಿಯೇ ಮೋಸ ಆರಂಭವಾಯಿತು.

ಆನ್‌ಲೈನ್ ಆಟದಲ್ಲಿ ಮೋಸವೆಂಬುದು ನಮ್ಮವರ ಆವಿಷ್ಕಾರವೇನಲ್ಲ. ಗೋಡೆಯಾಚೆ ಕಾಣುವ ಕಣ್ಣು, ಗುರಿ ತಪ್ಪದ ಕೈ, ದಣಿವರಿಯದ ಕಾಲು ಮೊದಲಾದ ಸಿದ್ಧಿಗಳನ್ನು ತಪಸ್ಸಿನಿಂದಲ್ಲದೆ ಕದ್ದ ಪ್ರೋಗ್ರಾಮುಗಳಿಂದ ಪಡೆಯುವವರು ಲೋಕದಲ್ಲೆಲ್ಲ ಇರುವುದರಿಂದಲೇ ವಾಲ್ವ್ ಸಂಸ್ಥೆಯವರು 2002ರಲ್ಲಿ ಕೌಂಟರ್-ಸ್ಟ್ರೈಕ್ ಆಟಕ್ಕೆ ವ್ಯಾಕ್ ಎಂಬ ಕಾವಲನ್ನಿಟ್ಟರು. ಆ ಕಾವಲುಗಾರನು ಕಳ್ಳನನ್ನು ಕಂಡೊಡನೆ ಕೂಗುವವನಲ್ಲ. ಯಾವ ತಂತ್ರದಿಂದ ಸಿಕ್ಕಿಬಿದ್ದೆನೆಂಬುದು ಕಳ್ಳನಿಗೆ ತಿಳಿಯದಿರಲೆಂದು ಕೆಲವು ಕಾಲ ಸುಮ್ಮನಿದ್ದು, ಆಮೇಲೆ ಒಮ್ಮೆಗೇ ಹಲವರನ್ನು ಬ್ಯಾನ್ ಮಾಡುವವನು. ಅವರ ವೆಬ್ ಎಪಿಐಯನ್ನು ಕೇಳಿದರೆ ಇಂಥವನಿಗೆ ಎಷ್ಟು ಬ್ಯಾನ್‌ಗಳಾಗಿವೆ, ಕಡೆಯದಾಗಿ ಎಷ್ಟು ದಿನಗಳಾದುವು ಎಂಬುದನ್ನು ಕೂಡ ಎಣಿಸಿ ಹೇಳುತ್ತದೆ. ನಮ್ಮಲ್ಲಿ ಸೂತಕಕ್ಕೂ ಹನ್ನೊಂದು ದಿನಗಳ ಮಿತಿಯುಂಟು. ವ್ಯಾಕ್ ಬ್ಯಾನಿಗೆ ಅಂಥ ಶುದ್ಧಿಯಿಲ್ಲ, ಅದು ಶಾಶ್ವತ.

ನಮ್ಮ ಹನ್ನೆರಡು ಹೋರಿಗಳಿಗೂ ಒಂದು ಚಿಕ್ಕ ಕಾವಲು ಸೇವೆಯನ್ನು ಗೊತ್ತುಮಾಡಿಕೊಂಡೆವು. ಕಣ್ಣೆವೆಯಿಕ್ಕುವಷ್ಟರಲ್ಲಿ ಹೋರಿ ಅಖಾಡದ ಈ ತುದಿಯಿಂದ ಆ ತುದಿಗೆ ಹಾರಿದರೆ ನಮ್ಮ ಸರ್ವರ್ ಒಂದು ದೂರನ್ನು ಬರೆದಿಡತಕ್ಕದ್ದು. ಆ ದೂರನ್ನು ನಾನು ಎಪಿಐ ಮೂಲಕ ಕಾವಲು ಸೇವೆಗೆ ಒಪ್ಪಿಸತಕ್ಕದ್ದು. ದೂರುಗಳು ಮಿತಿಮೀರಿದರೆ ಅವರು ಬ್ಯಾನ್ ಮಾಡತಕ್ಕದ್ದು. ಇಲ್ಲಿ ಬರುತ್ತದೆ ನಮ್ಮ ಲೈಬ್ರರಿ. ಅಡಕೆ ಮಂಡಿಯನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಎಪಿಐ ಎಂದರೆ ಮಂಡಿಯ ಕಿಟಕಿ. ಲೈಬ್ರರಿ ಎಂದರೆ ನಮ್ಮ ಪರವಾಗಿ ಆ ಕಿಟಕಿಯ ಬಳಿ ನಿಂತು ವ್ಯವಹರಿಸುವ ಗುಮಾಸ್ತ. ಸಾಮಾನ್ಯ ಗುಮಾಸ್ತನು ಕೊಟ್ಟ ಚೀಲವನ್ನು ಕೊಟ್ಟಂತೆ ಒಳಕ್ಕೆ ತಳ್ಳಿ ಬೀಡಿ ಹಚ್ಚುತ್ತಾನೆ. ಟೈಪ್ಡ್ ಗುಮಾಸ್ತನಾದರೋ ಚೀಲದ ಬಾಯಿ ಬಿಚ್ಚಿಸಿ, ಅಂಗೈಮೇಲೆ ನಾಲ್ಕು ಗೋಟು ಸುರಿದುಕೊಂಡು, ರಾಶಿಯೆಂದು ಬರೆದಲ್ಲಿ ರಾಶಿಯನ್ನಲ್ಲದೆ ಬೆಟ್ಟೆಯನ್ನೋ ಗೊರಬಲನ್ನೋ ಸುತರಾಂ ಒಪ್ಪುವುದಿಲ್ಲ. 2012ರಲ್ಲಿ ಮೈಕ್ರೋಸಾಫ್ಟಿನವರು ಹೊರತಂದ ಟೈಪ್‌ಸ್ಕ್ರಿಪ್ಟ್ ಎಂಬ ಭಾಷೆ ಇಂಥ ಗುಮಾಸ್ತರ ತವರು. ಅಲ್ಲಿ ಲೆಕ್ಕದ ಸಂಖ್ಯೆ ‘ನಂಬರ್’, ಅಕ್ಷರಗಳ ಮಾಲೆ ‘ಸ್ಟ್ರಿಂಗ್’. ಒಂದು ಬೇಕೆಂದಲ್ಲಿ ಇನ್ನೊಂದನ್ನಿಟ್ಟರೆ ಕೆಂಪು ಗೆರೆ.

ಇನ್ನು ನನ್ನ ದುರಹಂಕಾರದ ವಿಷಯ. ಆ ವಾಲ್ವ್ ಸಂಸ್ಥೆಯವರ ಸ್ಟೀಮ್ ಎಂಬ ಮಹಾವೇದಿಕೆ ತನ್ನ ಆಟಗಾರರಿಗೆ ಹದಿನೇಳು ಅಂಕಿಗಳ ಐಡಿ ಕೊಡುತ್ತದೆಂದು ತಿಳಿದಿದ್ದ ನಾನು, ನಮ್ಮ ಹನ್ನೆರಡು ಮಂದಿಗೂ ಅಷ್ಟೇ ಘನತೆಯ ಐಡಿ ಇರಲೆಂದು 90000000000000011ರಿಂದ ಎಣಿಕೆ ಆರಂಭಿಸಿದೆ. ಕೊನೆಯಲ್ಲಿ ಹನ್ನೊಂದೇಕೆಂದರೆ ಮುಯ್ಯಿಯ ಲಕೋಟೆಯಲ್ಲಿ ಇಡುವ ಶುಭಸಂಖ್ಯೆ ಅದಾದುದರಿಂದ. ಮೊದಲನೆಯ ಐಡಿ ನನ್ನದು, ಹನ್ನೆರಡನೆಯದು 22ರಲ್ಲಿ ಮುಗಿಯುವಂಥದು. ಸ್ಟೀಮಿನವರು ಆ ಉದ್ದನೆಯ ಐಡಿಯನ್ನು ಉದ್ಧರಣ ಚಿಹ್ನೆಗಳ ನಡುವೆ ಸ್ಟ್ರಿಂಗಾಗಿಯೇ ಕಳುಹಿಸುತ್ತಾರೆಂಬುದನ್ನು ಗಮನಿಸಿದ್ದೆ, ಏಕೆಂದು ಯೋಚಿಸಿರಲಿಲ್ಲ. ನಮ್ಮ ಸರ್ವರು ಐಡಿಯನ್ನು ಬೆತ್ತಲೆ ಸಂಖ್ಯೆಯಾಗಿಯೇ ಕಳುಹಿಸುವಂತೆ ಬರೆದೆ.

ಅಂದು ಸಂಜೆ ಕೆಳಗೆ ಅಂಗಳದಲ್ಲಿ ಹರವಿದ್ದ ಅಡಕೆಯನ್ನು ಮೋಡ ಕಂಡು ಮನೆಮಂದಿಯೆಲ್ಲ ಗೋರಿ ಗುಡ್ಡೆಮಾಡುತ್ತಿದ್ದರು. ನನ್ನನ್ನೂ ಕರೆದರು. ಇನ್ನೊಂದು ಸಾಲು ಬರೆದು ಬಂದೆನೆಂದೆ. ಆ ಸಾಲಿನ ಕೆಳಗೇ ಕೆಂಪು ಗೆರೆ ಮೂಡಿತು. ಐಡಿಯಿರಬೇಕಾದೆಡೆ ಸ್ಟ್ರಿಂಗ್ ಬೇಕು, ನೀನು ಕೊಟ್ಟಿರುವುದು ನಂಬರ್ ಎಂದು ಗುಮಾಸ್ತನ ತಕರಾರು. ಹದಿನೇಳಕ್ಕೆ ಹದಿನೇಳೂ ಅಂಕಿಗಳೇ ಆಗಿರುವಾಗ ಅದನ್ನು ಅಕ್ಷರಮಾಲೆಯೆನ್ನುವ ಈ ಪಂಡಿತಂಮನ್ಯನ ಹಟ ನನಗೆ ಹಿಡಿಸಲಿಲ್ಲ. ಟೈಪ್‌ಸ್ಕ್ರಿಪ್ಟಿನಲ್ಲಿ ‘ಎನಿ’ ಎಂಬುದೊಂದು ಪದವಿದೆ. ಯಾವ ಪದಾರ್ಥದ ಮೇಲೆ ಅದನ್ನು ಬರೆದರೂ ಗುಮಾಸ್ತನು ಕಣ್ಣುಮುಚ್ಚಿ ಒಳಬಿಡಬೇಕು. ನಮ್ಮ ಕಚೇರಿಗಳಲ್ಲಿ ‘ಸಾಹೇಬರು ಹೇಳಿದ್ದಾರೆ’ ಎಂಬ ಮಾತಿಗೆ ಯಾವ ಶಕ್ತಿಯೋ ಅದೇ ಶಕ್ತಿ ಅದಕ್ಕೆ. ಬರೆದೆ. ಗೆರೆ ಮಾಯವಾಯಿತು. ಕೆಳಗಿಳಿದು ಬರುವಷ್ಟರಲ್ಲಿ ಅಡಕೆ ನೆನೆದಿತ್ತು.

ಹತ್ತು ದಿನಗಳ ತರುವಾಯ ಜಗಳೂರಿನಿಂದ ಕರೆ ಬಂತು. ಮಾತಾಡಿದವನು ನಮ್ಮ ಹತ್ತನೆಯ ಆಟಗಾರ. ರಂಗಯ್ಯನದುರ್ಗದ ಕೊಂಡುಕುರಿ ಕಾಡಿನ ಕಡೆಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಮೇಷ್ಟ್ರು. ನೆಟ್‌ವರ್ಕಿಗಾಗಿ ಶಾಲೆಯ ಮಾಳಿಗೆ ಹತ್ತಿ ಆಡುವ ಸಾಧು. ಬೇರೆಯವರ ಹೋರಿಗಳು ಓಟ ಮುಗಿಸಿ ಮೇವು ತಿಂದು ಮೆಲುಕು ಹಾಕುವ ವೇಳೆಗೆ ಅವನ ಹೋರಿ ಅಖಾಡದ ಬಾಗಿಲಲ್ಲಿ ಗೋಚರವಾಗುತ್ತಿತ್ತು. ಅದರ ಕೊರಳ ಕೊಬ್ಬರಿಯನ್ನು ಹರಿಯದವನೇ ಇರಲಿಲ್ಲ. “ಸಾರ್, ನನ್ನನ್ನು ಬ್ಯಾನ್ ಮಾಡಿದ್ದಾರೆ” ಎಂದನು. ನಾನು ಕಾವಲು ಸೇವೆಯ ಮುಖಪುಟ ತೆರೆದು ನೋಡುತ್ತೇನೆ: ಇಪ್ಪತ್ತಮೂರು ದೂರುಗಳು, ಎಲ್ಲವೂ ಅವನ ಮೇಲೆ! ಒಂದೇ ರಾತ್ರಿ ಒಂದೇ ನಿಮಿಷದಲ್ಲಿ ಅವನ ಹೋರಿ ಚನ್ನಗಿರಿಯ ಅಖಾಡದಲ್ಲಿಯೂ ಹೊನ್ನಾಳಿಯ ಅಖಾಡದಲ್ಲಿಯೂ ನ್ಯಾಮತಿಯ ಅಖಾಡದಲ್ಲಿಯೂ ಗಾಳಿಯನ್ನು ಹಿಂದಿಕ್ಕಿ ಓಡಿತ್ತು. ಇಂಥ ಸರ್ವಾಂತರ್ಯಾಮಿತ್ವವನ್ನು ಪುರಾಣಗಳು ದೇವರಿಗೆ ಕೊಟ್ಟಿವೆಯೇ ಹೊರತು ಹೋರಿಗೆ ಕೊಟ್ಟುದನ್ನು ನಾನು ಓದಿಲ್ಲ.

ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ ಕಣ್ಣಿಗೆ ಬಿದ್ದುದು ಕಡೆಯ ಎರಡು ಅಂಕಿಗಳು. ಸರ್ವರಿನಲ್ಲಿ 11, 14, 17, 22 ಎಂದೆಲ್ಲ ಮುಗಿಯುತ್ತಿದ್ದ ಐಡಿಗಳು ನನ್ನ ಪ್ರೋಗ್ರಾಮನ್ನು ಹಾದು ಹೊರಬರುವಾಗ ಒಂದೂ ಬಿಡದಂತೆ 20 ಆಗುತ್ತಿದ್ದುವು! ಕಾರಣ ಬಹಳ ಸರಳ. ಟೈಪ್‌ಸ್ಕ್ರಿಪ್ಟಿನ ಬೆನ್ನೆಲುಬಾದ ಜಾವಾಸ್ಕ್ರಿಪ್ಟಿನ ನಂಬರ್ 9007199254740991ರ ವರೆಗೆ, ಎಂದರೆ ಹದಿನಾರು ಅಂಕಿಗಳ ಆ ಗಡಿಯ ವರೆಗೆ ಮಾತ್ರ, ಒಂದೊಂದು ಪೂರ್ಣಾಂಕವನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲುದು. ಆಚೆಗೆ ಹೋದಂತೆಲ್ಲ ಅದಕ್ಕೆ ಮಂದದೃಷ್ಟಿ. ನಮ್ಮ ಐಡಿಗಳಿದ್ದ ಎತ್ತರದಲ್ಲಿ ಹದಿನಾರು ಮನೆಗಳಿಗೊಂದೇ ಬಾಗಿಲು. ಬಾಗಿಲ ಮೇಲಿನ ಫಲಕ ಬರೆಯುವಾಗಲೂ ಅದು ಶ್ರಮ ತೆಗೆದುಕೊಳ್ಳದೆ ಕಡೆಯ ಅಂಕಿಗೆ ಸೊನ್ನೆ ಸುತ್ತಿಬಿಡುತ್ತದೆ. ನಂಬದವರು ತಮ್ಮ ಬ್ರೌಸರಿನ ಕನ್ಸೋಲಿನಲ್ಲಿ 90000000000000011 ಎಂದು ಬರೆದು ಎಂಟರ್ ಒತ್ತಿ ನೋಡಬಹುದು. ನಮ್ಮ ಹನ್ನೆರಡು ಜನರಲ್ಲಿ ಐಡಿ 20ರಲ್ಲಿ ಮುಗಿಯುತ್ತಿದ್ದವನು ಜಗಳೂರಿನ ಆ ಸಾಧು ಒಬ್ಬನೇ. ಅವನ ತಪ್ಪೆಂದರೆ ಹತ್ತನೆಯವನಾಗಿ ನೋಂದಾಯಿಸಿಕೊಂಡದ್ದು. ಮಿಕ್ಕ ತಪ್ಪುಗಳೆಲ್ಲ ನನ್ನವು. ಕೆಂಪು ಗೆರೆಯೆಳೆದು ಬೇಡವೆಂದ ಗುಮಾಸ್ತನ ಬಾಯಿಗೆ ಬಟ್ಟೆ ತುರುಕಿದವನು ನಾನು ತಾನೆ? ನಿರಪರಾಧಿಗಳಿಗೆ ಬ್ಯಾನ್ ಬಿದ್ದುದು ಲೋಕದಲ್ಲಿ ಇದೇ ಮೊದಲಲ್ಲವೆಂದು ಸಮಾಧಾನ ತಂದುಕೊಳ್ಳಲು ಯತ್ನಿಸಿದೆ: 2010ರಲ್ಲಿ ವ್ಯಾಕ್ ಸುಮಾರು ಹನ್ನೆರಡು ಸಾವಿರ ಮಾಡರ್ನ್ ವಾರ್‌ಫೇರ್ 2 ಆಟಗಾರರನ್ನು ತಪ್ಪಾಗಿ ಬ್ಯಾನ್ ಮಾಡಿ, ಆಮೇಲೆ ಕ್ಷಮೆ ಕೇಳಿ, ಬ್ಯಾನ್ ತೆಗೆದು, ಲೆಫ್ಟ್ 4 ಡೆಡ್ 2 ಎಂಬ ಆಟವನ್ನು ಉಡುಗೊರೆಯಾಗಿ ಕೊಟ್ಟಿತು. ಆದರೆ ಅವರಲ್ಲಿ ಯಾರೂ ನನ್ನ ಮನೆಗೆ ಫೋನ್ ಮಾಡುವವರಾಗಿರಲಿಲ್ಲ.

‘ಎನಿ’ಯನ್ನು ಅಳಿಸಿದೆ, ಐಡಿ ಸರ್ವರಿನಿಂದ ಹೊರಡುವಾಗಲೇ ಸ್ಟ್ರಿಂಗಾಗಿ ಹೊರಡುವಂತೆ ಮಾಡಿದೆ, ಗುಮಾಸ್ತನು ಗೆರೆಯಿಲ್ಲದೆ ಒಪ್ಪಿಕೊಂಡ. ಹಳೆಯ ಇಪ್ಪತ್ತಮೂರು ದೂರುಗಳನ್ನೂ ಅವರವರ ನಿಜವಾದ ಐಡಿಗಳಿಗೆ ಹಂಚಿದೆ. ಹಂಚಿ ಮುಗಿಸಿದಾಗ ಹನ್ನೊಂದು ಮಂದಿಯ ಹೆಸರಿನಲ್ಲಿಯೂ ಒಂದಾದರೂ ದೂರಿತ್ತು. ಆಟ ರಚಿಸಿದ ನ್ಯಾಮತಿಯ ಅಳಿಯನದು ಆರು. ನನ್ನದು, ಹೇಳಲು ನಾಚಿಕೆ, ಮೂರು. ದೂರೇ ಇಲ್ಲದಿದ್ದವನು ಜಗಳೂರಿನವನೊಬ್ಬ.

ಬ್ಯಾನ್ ತೆಗೆಸಿದ ಸುದ್ದಿಯನ್ನು ನಾನೇ ಫೋನಿನಲ್ಲಿ ತಿಳಿಸಿದೆ. ಆಚೆಯಲ್ಲಿ ಕೆಲಕಾಲ ಮೌನ. ಬಳಿಕ ಸಂಕೋಚದಿಂದ, “ಶನಿವಾರದ ವರೆಗಾದರೂ ಇರಲಿ ಸಾರ್, ಭಾವಮೈದುನರು ಬರುವವರಿದ್ದಾರೆ” ಎಂದನು. ಮೂರು ತಾಲ್ಲೂಕುಗಳಲ್ಲಿ ಏಕಕಾಲಕ್ಕೆ ಓಡಿದ ಹೋರಿಯ ಯಜಮಾನನೆಂದು ಊರೆಲ್ಲ ಅವನಿಗೆ ಕೈಮುಗಿಯುತ್ತಿದೆಯಂತೆ. ಶಾಲೆಯ ಮಕ್ಕಳು ನೋಟ್‌ಬುಕ್ಕಿನ ಹಿಂದೆ ಅದರ ಚಿತ್ರ ಬರೆಯುತ್ತಿವೆಯಂತೆ. ಇಲ್ಲದ ಅಪರಾಧವನ್ನು ಶನಿವಾರದ ವರೆಗೆ ಉಳಿಸುವ ಅಧಿಕಾರ ನನಗಿಲ್ಲವೆಂದೆ. ಹಾಗಾದರೆ ಬ್ಯಾನ್ ಆಗಿದ್ದುದು ನಿಜವೆಂದು ಒಂದು ಪ್ರಮಾಣಪತ್ರವನ್ನಾದರೂ ಕೊಡಿರೆಂದ; ಅದೂ ಪ್ರಿಂಟರಿನದು ಬೇಡ, ಯಾರು ಬೇಕಾದರೂ ಮಾಡಿಕೊಳ್ಳುತ್ತಾರೆ, ಸರಕಾರಿ ಕಾಗದದಂತೆ ಟೈಪು ಮಾಡಿದ್ದು ಬೇಕೆಂದ.

ಹೊನ್ನಾಳಿಗೆ ಹೋದೆ. ಮಾವನವರು ಬಟ್ಟೆ ಸರಿಸಿ, ಹಳೆಯ ಇಂಗ್ಲಿಷ್ ಯಂತ್ರಕ್ಕೆ ಎರಡು ಹಾಳೆಗಳ ನಡುವೆ ಕಾರ್ಬನ್ ಇಟ್ಟು ಉರುಳಿಸಿದರು. ಐಡಿಯ ಪುರಾಣವನ್ನೆಲ್ಲ ಹೇಳಿದೆ. ಅವರಿಗೆ ಅದರಲ್ಲಿ ತಮಾಷೆಯೇ ಕಾಣಲಿಲ್ಲ. “ಅಂಕಿಯೂ ಅಕ್ಷರವೇ ಅಲ್ಲವೇನಯ್ಯ? ಒಂದಕ್ಕೆ ನಾನು ಇಷ್ಟು ವರ್ಷವೂ ಚಿಕ್ಕ ಎಲ್ ಹೊಡೆದಿಲ್ಲವೆ? ನಮಗೆ ಬೇಕಾದ್ದು ಹೊಡೆಯುವುದು, ಎಣಿಸುವುದಲ್ಲ” ಎಂದು ಒಂಬತ್ತನ್ನು ಹೊಡೆದು ಸೊನ್ನೆಗಳಿಗೆ ತೊಡಗಿದರು. ಹೊನ್ನಾಳಿ ಹೊಡೆತವೆಂದು ಜನ ಸುಮ್ಮನೆ ಹೇಳುತ್ತಾರೆಯೆ! ಹದಿನಾಲ್ಕು ಸೊನ್ನೆ, ಒಂದು ಎರಡು, ಮತ್ತೊಂದು ಸೊನ್ನೆ, ಒಂದೂ ಜಾರಲಿಲ್ಲ. ಅಂಚಿನ ಗಂಟೆ ಠಣ್ಣೆಂದಿತು. ಕಾಗದವನ್ನು ಎಳೆದು, ಕಾರ್ಬನ್ ಬಿಡಿಸಿ, ಎರಡನೆಯ ಪ್ರತಿಯನ್ನು ಬೆಳಕಿಗೆ ಹಿಡಿದು, “ಇದು ಯಾರಿಗೆ, ನಿನ್ನ ಆ ಲೈಬ್ರರಿಗೋ?” ಎಂದು ಕೇಳಿದರು.